ಮುಖ ತಿರುಗಿಸಿದ ಕರಡಿ

ಕರಡಿ ನೋಡಬಾರದ ಕಡೆಗೆ ನೋಡುತ್ತಿತ್ತು.

ಓಟಿಲಿಯಾ ಮೊಣಕಾಲೂರಿ, ಮೂಗು ತಾಗುವಷ್ಟು ಬಗ್ಗಿ, ಪೆಟ್ಟಿಗೆಯ ಮುಚ್ಚಳದ ಮೇಲಿದ್ದ ಕೆಂಪು ಅರಗಿನ ಮುದ್ರೆಯನ್ನು ಮತ್ತೊಮ್ಮೆ ದಿಟ್ಟಿಸಿದಳು. ಲಿಂಡೆನ್‌ಮಾರ್ಕ್ ಸೀಮೆಯಲ್ಲಿ ಕರಡಿಗೇನು ಬರವೇ? ಕೋಟೆ ಬಾಗಿಲ ಮೇಲೆ, ನಾಣ್ಯದ ಮೇಲೆ, ಸಿಪಾಯಿಯ ಅಂಗಿ ಗುಂಡಿಯ ಮೇಲೆ, ಕೊನೆಗೆ ಕ್ರಿಸ್‌ಮಸ್ಸಿಗೆ ಸುಡುವ ಶುಂಠಿ ಬಿಸ್ಕತ್ತಿನ ಮೇಲೂ ಡ್ಯೂಕ್ ಮನೆತನದ ಅದೇ ಕರಡಿ. ಮುನ್ನೂರು ವರ್ಷದಿಂದ ಅವೆಲ್ಲವೂ ಮುಖ ಮಾಡಿರುವುದು ನೋಡುವವರ ಎಡಗಡೆಗೆ. ಇದೊಂದು ಮಾತ್ರ ಬಲಕ್ಕೆ ತಿರುಗಿ ನಿಂತಿತ್ತು.

"ಏನಕ್ಕಾ, ಕರಡಿ ಏನಾದ್ರೂ ಗುಟ್ಟು ಹೇಳ್ತಾ?" ಬಾಗಿಲಿಗೆ ಒರಗಿದ್ದ ಕಾವಲು ಪಡೆಯ ಜಮಾದಾರ ಡೋಬ್ಲರ್ ಕೇಳಿದ. ಬಾಯಲ್ಲೊಂದು ಸಾಸೇಜು, ಕೈಯಲ್ಲಿ ಇನ್ನೊಂದು. "ಬೇಗ ಮುಗ್ಸಿ. ನಿಮ್ಮನ್ನ ಒಳಗೆ ಬಿಟ್ಟಿದ್ದು ಬ್ಯಾರನ್‌ಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ."

"ನಿನ್ನ ಚರ್ಮ ಸುಲಿಯೋದು ಒಬ್ಬರ ಕೈಲಾಗೋ ಕೆಲಸ ಅಲ್ಲ ಬಿಡು. ಸುಮ್ಮನೆ ದೀಪ ಹಿಡಿ."

ಈ ಕರಡಿಯ ದೆಸೆಯಿಂದಲೇ ಅವಳ ತಮ್ಮ ಯೋರ್ಗ್ ಮೂರು ದಿನದಿಂದ ಕೋಟೆಯ ನೆಲಮಾಳಿಗೆಯಲ್ಲಿ ಕೊಳೆಯುತ್ತಿದ್ದ. ಬೇಟೆಯಲ್ಲಿ ಕುದುರೆಯಿಂದ ಬಿದ್ದು ಡ್ಯೂಕ್ ಓಟ್ಮಾರ್ ಸತ್ತಾಗ, ಶವಯಾತ್ರೆಗೆಂದು ರಾಜಚಿಹ್ನೆಗಳ ಪೆಟ್ಟಿಗೆ ತೆಗೆದಿದ್ದರು. ಕಿರೀಟವಿತ್ತು, ರಾಜದಂಡವಿತ್ತು, ಖಡ್ಗವಿತ್ತು. ಡ್ಯೂಕನ ಹೆಂಡತಿಯಾದವಳು ತೊಡುವ ಚಿಕ್ಕ ಕಿರೀಟ ಮಾತ್ರ ಇರಲಿಲ್ಲ. ಡ್ಯೂಕ್ ಮದುವೆಯಾಗದವನು, ಆ ಕಿರೀಟವನ್ನು ಯಾರೂ ಮುಟ್ಟಿ ಇಪ್ಪತ್ತು ವರ್ಷವಾಗಿತ್ತು. ಪೆಟ್ಟಿಗೆಗೆ ಇದ್ದದ್ದು ಎರಡೇ ಕೀಲಿಕೈ. ಒಂದು ಸತ್ತವನ ಕೊರಳಲ್ಲಿ, ಇನ್ನೊಂದು ಯೋರ್ಗನ ಸೊಂಟದಲ್ಲಿ. ಯೋರ್ಗ್ ಪೆಟ್ಟಿಗೆಯ ಕಾವಲುಗಾರನಷ್ಟೇ ಅಲ್ಲ, ಅರಮನೆಯ ಮುದ್ರೆಗಳ ಅಚ್ಚು ಕೊರೆಯುವವನೂ ಅವನೇ.

ಇನ್ನೇನು ಬೇಕು? ಅರಮನೆಯ ಮೇಲ್ವಿಚಾರಕ ಬ್ಯಾರನ್ ಫಾನ್ ಗೆಲ್ನಿಟ್ಸ್ ಅರ್ಧ ಗಂಟೆಯಲ್ಲಿ ತೀರ್ಪು ಕೊಟ್ಟುಬಿಟ್ಟ. ಯೋರ್ಗ್ ಚಿಕ್ಕ ಕಿರೀಟ ಕದ್ದ, ಖೋಟಾ ಮುದ್ರೆ ಒತ್ತಿದ, ಅವಸರದಲ್ಲಿ ಕರಡಿಯನ್ನು ತಿರುವುಮುರುವು ಮಾಡಿಕೊಂಡ. ನಾಳೆ ಮಧ್ಯಾಹ್ನ ಡ್ಯೂಕನ ಸಮಾಧಿ. ಅದಾದ ಮೇಲೆ ಯೋರ್ಗನ ಬಲಗೈ, ಆಮೇಲೆ ಕುತ್ತಿಗೆ.

"ಬ್ಯಾರನ್ ಮಾತು ಬರೀ ಬುರುಡೆ, ಡೋಬ್ಲರ್," ಎಂದಳು ಓಟಿಲಿಯಾ. "ಅಚ್ಚಿನಲ್ಲಿ ಎಲ್ಲಾ ಎಡಬಲ ಅದಲುಬದಲಾಗಿ ಕೊರೀಬೇಕು. ಆಗ್ಲೇ ಅರಗಿನ ಮೇಲೆ ಸರಿಯಾಗಿ ಮೂಡೋದು. ಕಣ್ಣಿಗೆ ಕಂಡ ಹಾಗೇ ಕೊರೆದುಬಿಟ್ರೆ ಹಿಂಗೆ ಉಲ್ಟಾ ಬೀಳುತ್ತೆ. ಇದು ಕಸುಬು ಗೊತ್ತಿಲ್ದೋನು ಮಾಡೋ ತಪ್ಪು. ಇಪ್ಪತ್ತೆರಡು ವರ್ಷ ಅಚ್ಚು ಕೊರೆದ ನನ್ನ ತಮ್ಮ ಮಾಡೋದಲ್ಲ."

"ಹಂಗಾದ್ರೆ ಯೋರ್ಗ್ ಅಲ್ಲ!" ಡೋಬ್ಲರನ ಕಣ್ಣರಳಿತು.

ಓಟಿಲಿಯಾಳ ಮುಖವೂ ಒಂದು ಗಳಿಗೆ ಅರಳಿತ್ತು. ಅಷ್ಟರಲ್ಲಿ ಮುದ್ರೆಯ ಅಂಚಿನ ಅಕ್ಷರಗಳು ಕಣ್ಣಿಗೆ ಬಿದ್ದವು. ಡ್ಯೂಕನ ಹೆಸರು ಸುತ್ತಲೂ ನೆಟ್ಟಗೆ, ಮುತ್ತು ಪೋಣಿಸಿದ ಹಾಗೆ ಮೂಡಿತ್ತು. ಕಸುಬು ಗೊತ್ತಿಲ್ಲದವನಾಗಿದ್ದರೆ ಅಕ್ಷರಗಳೂ ಉಲ್ಟಾ ಆಗಬೇಕಿತ್ತಲ್ಲ? ಕರಡಿಯೊಂದೇ ಹೇಗೆ ತಿರುಗಿತು?

ಅವಳು ಕರಡಿಯ ಮುಂಗಾಲು ನೋಡಿದಳು. ಉಗುರು ಎಣಿಸಿದಳು. ನಾಲ್ಕು.

ಲೋಕದ ಅಚ್ಚುಗಾರರೆಲ್ಲ ಐದು ಉಗುರು ಕೊರೆದರೆ, ನಾಲ್ಕು ಕೊರೆಯುವವನು ಒಬ್ಬನೇ. 'ಐದನೇದಕ್ಕೆ ಜಾಗ ಸಾಲಲ್ಲ ಕಣಕ್ಕಾ' ಎಂದು ಪ್ರತಿ ಸಲವೂ ಸಬೂಬು ಹೇಳುತ್ತಿದ್ದವನು.

ಅಯ್ಯೋ ಪಾಪಿ, ಏನು ಮಾಡಿಕೊಂಡೆಯೋ! ಇದು ಯೋರ್ಗನ ಕೈಯೇ. ಬೇಕೆಂದೇ, ನಿಧಾನವಾಗಿ, ಮನಸ್ಸಿಟ್ಟು ಕೊರೆದದ್ದು. ಬೆಳಗ್ಗೆ ನೆಲಮಾಳಿಗೆಯಲ್ಲಿ ಕಂಡಾಗ ಅವನು ಕಳ್ಳತನದ ಮಾತೇ ಎತ್ತಿರಲಿಲ್ಲ. ಕಂಬಿಯ ಸಂದಿಯಿಂದ ಅವಳ ತೋಳು ಹಿಡಿದು, "ಗುರಾಣಿಗೆ ಗರಗಸ ಹಾಕಬೇಡ ಅಕ್ಕಾ" ಎಂದಷ್ಟೇ ಹೇಳಿದ್ದ. ತಲೆ ಕೆಟ್ಟಿದೆ ಎಂದುಕೊಂಡು ಅವಳು ಅತ್ತುಕೊಂಡು ಬಂದಿದ್ದಳು.

ಗುರಾಣಿ ಅವಳ ಕೆಲಸ. ಮೂವತ್ತು ವರ್ಷದಿಂದ ಅರಮನೆಗೆ ಲಾಂಛನ ಬರೆಯುವವಳು ಅವಳೇ. ಮನೆತನದ ಕೊನೆಯ ಗಂಡಸು ವಾರಸುದಾರನಿಲ್ಲದೆ ಸತ್ತರೆ, ಅವನ ಲಾಂಛನದ ಗುರಾಣಿಯನ್ನು ಶವಪೆಟ್ಟಿಗೆಯ ಮೇಲೆ ಒಂದೇ ಏಟಿಗೆ ಒಡೆಯುತ್ತಾರೆ. ಅಲ್ಲಿಗೆ ಆ ಮನೆತನ ಮುಗಿಯಿತು. ಆಮೇಲೆ ಯಾರು ಬಂದು ಹಕ್ಕು ಕೇಳಿದರೂ ನಡೆಯದು. ಸಿಂಹಾಸನ ಪಕ್ಕದ ಸೀಮೆಯ ದಾಯಾದಿ ರಾಜಕುಮಾರನಿಗೆ, ಅವನ ಮುಖ್ಯಮಂತ್ರಿ ಪಟ್ಟ ಬ್ಯಾರನ್ನನಿಗೆ ಎಂದು ಊರೆಲ್ಲ ಗುಸುಗುಸು. ಆ ಒಂದೇ ಏಟಿಗೆ ಒಡೆಯಲಿ ಎಂದು ಗುರಾಣಿಯ ಬೆನ್ನಿಗೆ ಅರ್ಧ ದಪ್ಪದವರೆಗೆ ಗರಗಸ ಹಾಕಿಡುವುದು ಅವಳ ಕಸುಬಿನ ಗುಟ್ಟು.

"ಹುಷಾರಕ್ಕಾ, ಅಲ್ಲಿ ಕೈ ಇಡ್ಬೇಡಿ, ಜಿಡ್ಡಿದೆ," ಎಂದ ಡೋಬ್ಲರ್. "ಮುದ್ರೆ ಪಕ್ಕದಲ್ಲಿ. ಮೇಣದಬತ್ತಿ ತೊಟ್ಟಿಕ್ಕಿದ್ದು ಅಂತ ಬ್ಯಾರನ್ ಹೇಳಿದ್ರು."

"ಯಾವಾಗ ಹೇಳಿದ್ರು?"

"ಪೆಟ್ಟಿಗೆ ತೆಗೆದ ದಿನ. ನಾವು ಬರೋಕೆ ಮುಂಚೆ ಅವರೊಬ್ಬರೇ ಒಳಗಿದ್ರು. 'ಬತ್ತಿ ತೊಟ್ಟಿಕ್ಕಿತ್ತು, ಕೆರೆದುಹಾಕ್ದೆ' ಅಂದ್ರು. ನಾನು ಕೇಳೇ ಇರ್ಲಿಲ್ಲ, ಅವರಾಗೇ ಹೇಳಿದ್ರು."

ಕೇಳದೆಯೇ ಹೇಳಿದನೇ? ಓಟಿಲಿಯಾ ದೀಪ ಕಸಿದುಕೊಂಡಳು. ಕರಡಿಯ ಬಲಕ್ಕೆ, ಒಂದು ಗೇಣು ದೂರದಲ್ಲಿ, ದುಂಡನೆಯ ಕಲೆ. ಉಗುರಿನಿಂದ ಮರದ ಸೀಳು ಕೆದಕಿ ಬೆಳಕಿಗೆ ಹಿಡಿದಳು. ಅರಮನೆಯಲ್ಲಿ ಉರಿಸುವುದು ಹಳದಿ ಜೇನುಮೇಣದ ಬತ್ತಿ. ಉಗುರಿಗಂಟಿದ್ದು ಕೆಂಪು.

ಇಲ್ಲಿ ಇನ್ನೊಂದು ಮುದ್ರೆ ಇತ್ತು. ಕರಡಿ ನೋಡುತ್ತಿದ್ದದ್ದು ಅದರ ಕಡೆಗೆ.

ಇಷ್ಟು ಹೊತ್ತು ಮಣ್ಣು ತಿಂದಿದ್ದೆನಾ ನಾನು? ಗಂಡನ ಲಾಂಛನ, ಹೆಂಡತಿಯ ಲಾಂಛನ ಎರಡನ್ನೂ ಅಕ್ಕಪಕ್ಕ ಬರೆಯುವಾಗ ಗಂಡನ ಕಡೆಯ ಪ್ರಾಣಿ ಹೆಂಡತಿಗೆ ಬೆನ್ನು ತೋರಿಸಬಾರದು. ಅದು ಮರ್ಯಾದೆ. ಮುಖವನ್ನು ಅವಳ ಕಡೆಗೆ ತಿರುಗಿಸಿಯೇ ಬರೆಯಬೇಕು. ಮದುವೆಯ ಗುರಾಣಿಗಳನ್ನು ಅವಳೇ ಎಷ್ಟು ಸಲ ಹಾಗೆ ಬರೆದಿಲ್ಲ! ಒಂಟಿ ಕರಡಿ ಕಂಡು ತಪ್ಪು ಎಂದುಕೊಂಡಳು. ಜೋಡಿಯನ್ನು ಯಾರೋ ಕೆರೆದುಹಾಕಿದ್ದರು.

"ಡೋಬ್ಲರ್," ಅವಳ ದನಿ ತಗ್ಗಿತು, "ಚಿಕ್ಕ ಕಿರೀಟ ಯಾರೂ ಕದ್ದಿಲ್ಲ. ಡ್ಯೂಕೇ ತೆಗೆದು ಹೆಂಡತಿಗೆ ಕೊಟ್ಟಿದಾರೆ."

"ಯಾರ ಹೆಂಡ್ತಿಗೆ?"

"ಅವರ ಹೆಂಡತಿಗೆ ಕಣಯ್ಯಾ! ಗುಟ್ಟಾಗಿ ಮದುವೆಯಾಗಿ, ಇಬ್ಬರ ಮುದ್ರೆನೂ ಒತ್ತಿ ಪೆಟ್ಟಿಗೆ ಮುಚ್ಚಿದಾರೆ. ಅಚ್ಚು ಕೊರೆದು ಕೊಟ್ಟೋನು ಯೋರ್ಗ್. ಆಣೆ ಇಟ್ಟಿರ್ಬೇಕು, ಅದಕ್ಕೇ ಬಾಯಿಗೆ ಬೀಗ ಹಾಕ್ಕೊಂಡು ಕೂತಿದಾನೆ. ಆ ಹೆಂಗಸು ಯಾರು ಅಂತ ನಾಳೆ ಮಧ್ಯಾಹ್ನದೊಳಗೆ ಗೊತ್ತಾದ್ರೆ ನನ್ನ ತಮ್ಮ ಉಳೀತಾನೆ."

ಡೋಬ್ಲರ್ ಎರಡನೆಯ ಸಾಸೇಜನ್ನು ಮರೆತೇಬಿಟ್ಟ. ಅವನ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ.

ಇಬ್ಬರೂ ಕೋಟೆಯ ಹಿಂಬಾಗಿಲಿನಿಂದ ಇಳಿದು ಚರ್ಮ ಹದಮಾಡುವವರ ಬೀದಿಯ ಕಡೆ ನಡೆದರು. ಅವಳ ಮನೆ, ಅಕ್ಕ ತಮ್ಮ ಇಬ್ಬರ ಕೆಲಸದ ಕೋಣೆ ಎರಡೂ ಅಲ್ಲೇ. ಬೀದಿಯ ಉದ್ದಕ್ಕೂ ಪ್ರತಿ ಮನೆಯ ಫಲಕದ ಮೇಲೂ ಕಪ್ಪು ಬಟ್ಟೆ. ಶೋಕಾಚರಣೆಗೆ ಊರಿನ ಎಲ್ಲ ಚಿಹ್ನೆಗಳನ್ನೂ ಮುಚ್ಚಬೇಕೆಂದು ಬ್ಯಾರನ್ನನ ಅಪ್ಪಣೆಯಾಗಿತ್ತು.

"ಅಪ್ಪ ಸೆರೇಲಿರೋದು ಅಫ್ರಾಗೆ ಗೊತ್ತಾ?" ದಾರಿಯಲ್ಲಿ ಡೋಬ್ಲರ್ ಕೇಳಿದ. ಅಫ್ರಾ ಯೋರ್ಗನ ಒಬ್ಬಳೇ ಮಗಳು. ತಾಯಿಯಿಲ್ಲದ ಕೂಸನ್ನು ಓಟಿಲಿಯಾಳೇ ಎತ್ತಿ ಆಡಿಸಿ ಬೆಳೆಸಿದ್ದಳು.

"ಇಲ್ಲ. ಎರ್ಲೆನ್‌ಸೆಲ್ ಮಠದಲ್ಲಿ ಹೊಲಿಗೆ ಹೇಳ್ಕೊಟ್ಕೊಂಡು ನೆಮ್ಮದಿಯಾಗಿದಾಳೆ. ಅವಳ ನಿದ್ದೆ ಯಾಕೆ ಕೆಡಿಸ್ಲಿ?"

"ಒಳ್ಳೇ ಹುಡುಗಿ. ಹೋದ ತಿಂಗಳು ನೀವು ಕಳಿಸಿದ ಗಂಟನ್ನ ನಾನೇ ಗಾಡಿಗೆ ಹಾಕಿ ಬಂದೆನಲ್ಲ."

ಬೀದಿ ತಿರುವಿನಲ್ಲಿ ಇಬ್ಬರೂ ಗಕ್ಕನೆ ನಿಂತರು. ನಾಲ್ಕು ಕುದುರೆಯ ಕರಿ ಸಾರೋಟು. ಬ್ಯಾರನ್ನನದು. ಓಟಿಲಿಯಾಳ ಮನೆ ಬಾಗಿಲು ತೆರೆದಿತ್ತು.

"ನೀನು ಹೊರಗೇ ಇರು," ಎಂದಳು. "ಸುಮ್ಮನೆ ನಿಂತ್ರೆ ಅನುಮಾನ ಬರುತ್ತೆ. ನೋಡು, ನನ್ನ ಫಲಕದ ಬಟ್ಟೆ ಗಾಳಿಗೆ ಸಡಿಲ ಆಗಿದೆ. ಏಣಿ ತಗೊಂಡು ಸರಿಯಾಗಿ ಕಟ್ಟು. ಇಲ್ದಿದ್ರೆ ಅದಕ್ಕೂ ಒಂದು ತಪ್ಪು ಹೊರಿಸ್ತಾನೆ ಆ ಪುಣ್ಯಾತ್ಮ."

ಬ್ಯಾರನ್ ಯೋರ್ಗನ ಸ್ಟೂಲಿನ ಮೇಲೆಯೇ ಕೂತಿದ್ದ. ಒಣಕಲು ಮನುಷ್ಯ, ಬಿಳಿ ಪೌಡರಿನ ವಿಗ್ಗು, ಬೆರಳ ತುದಿಯಲ್ಲಿ ನಶ್ಯ.

"ಬಾಮ್ಮಾ. ನಿನ್ನ ಬೀದಿ ನಾತಕ್ಕೆ ಎರಡು ಸಲ ನಶ್ಯ ಏರಿಸ್ಬೇಕಾಯ್ತು."

"ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ, ಪ್ರಭುಗಳೇ."

"ಕಳಿಸಿದ್ದೆ. ನೀನು ಇರ್ಲಿಲ್ಲ. ಎಲ್ಲಿಗೆ ಹೋಗಿದ್ದೆ?"

"ಗುರಾಣಿಗೆ ಹಚ್ಚೋ ಚಿನ್ನದ ರೇಕು ತರೋಕೆ."

"ಕೈಲೇನೂ ಕಾಣ್ತಿಲ್ಲ?"

"ಎಲ್ಲಿ ಸಿಗುತ್ತೆ? ಊರಲ್ಲಿದ್ದ ರೇಕೆಲ್ಲ ಅರಮನೆಯವರೇ ಕೊಂಡ್ಕೊಂಡಿದಾರೆ."

ಅವನು ಅವಳ ಉಗುರುಗಳನ್ನೇ ನೋಡುತ್ತಿದ್ದ. ಓಟಿಲಿಯಾ ಕೈಯನ್ನು ಸೊಂಟಕ್ಕೆ ಕಟ್ಟಿದ್ದ ಬಟ್ಟೆಗೆ ಒರೆಸಿಕೊಂಡಳು. ಬಣ್ಣ ಬಳಿಯುವವಳ ಉಗುರಲ್ಲಿ ಕೆಂಪು ಇದ್ದರೆ ಯಾರೇನೂ ಹೇಳುವಂತಿಲ್ಲ, ಅದೊಂದು ಪುಣ್ಯ.

ಬ್ಯಾರನ್ ಊರುಗೋಲಿನಿಂದ ಗುರಾಣಿಯನ್ನು ತಿರುಗಿಸಿ ಅದರ ಬೆನ್ನು ನೋಡಿದ. "ಗರಗಸ ಹಾಕಿಲ್ಲ."

"ಬಣ್ಣ ಒಣಗ್ಲಿ ಅಂತ..."

"ಮುಂದಿನ ಬಣ್ಣಕ್ಕೂ ಹಿಂದಿನ ಗರಗಸಕ್ಕೂ ಏನಮ್ಮಾ ಸಂಬಂಧ? ಈಗ್ಲೇ ಹಾಕು. ನಾನು ನೋಡ್ತೀನಿ."

ಬೇರೆ ದಾರಿ ಇರಲಿಲ್ಲ. ಗುರಾಣಿಯನ್ನು ಬೋರಲು ಹಾಕಿ ಗರಗಸ ಇಟ್ಟಳು. ಮೆದು ಮರ, ಒಂದೊಂದು ಎಳೆತಕ್ಕೂ ಹೊಟ್ಟು ಉದುರಿತು. ತಮ್ಮನ ಕುತ್ತಿಗೆಯನ್ನು ತಾನೇ ಕುಯ್ಯುತ್ತಿರುವಂತೆ ಅವಳಿಗನಿಸಿತು.

"ನಿನ್ನ ತಮ್ಮ ಒಪ್ಕೊಂಡ," ಎಂದ ಬ್ಯಾರನ್. "ಆ ಮುದ್ರೆ ಕೊರೆದಿದ್ದು ನಾನೇ ಅಂತ ಸಹಿ ಹಾಕಿದಾನೆ."

"ಯಾರಿಗೋಸ್ಕರ ಕೊರೆದೆ ಅಂತ ಕೇಳಿದ್ರಾ, ಪ್ರಭುಗಳೇ?"

ನಶ್ಯದ ಡಬ್ಬಿ ಅವನ ಕೈಯಲ್ಲಿ ಅರ್ಧಕ್ಕೇ ನಿಂತಿತು. "ಕೇಳೋ ಅಗತ್ಯ ಬರ್ಲಿಲ್ಲ." ಏನೋ ಆಗ ತಾನೇ ನೆನಪಾದವನಂತೆ ಕೋಟಿನ ಜೇಬಿಗೆ ಕೈ ಹಾಕಿದ. "ಅಂದ ಹಾಗೆ, ನಿನಗೆ ಈ ಚಿಹ್ನೆಗಳೆಲ್ಲ ಬಾಯಿಪಾಠ ಅಂತಾರೆ. ಇದು ಯಾವ ಮನೆತನದ್ದು ಹೇಳು ನೋಡೋಣ. ಯಾವುದೋ ಹಳೇ ಕಾಗದದಲ್ಲಿ ಸಿಕ್ತು. ಶ್ರೀಮಂತ ಮನೆತನಗಳ ದಾಖಲೆ ಪುಸ್ತಕ ಮೂರು ಸಲ ತಿರುವಿ ಹಾಕಿಸ್ದೆ. ಎಲ್ಲೂ ಇಲ್ಲ."

ಮಡಚಿದ ಕಾಗದ ಬಿಚ್ಚಿ ಅವಳ ಮೂಗಿನ ಕೆಳಗೆ ಹಿಡಿದ. ಕೈಯಲ್ಲೇ ಸೊಟ್ಟಗೆ ಗೀಚಿದ ಚಿತ್ರ. ಸುತ್ತ ಮುದ್ರೆಯಷ್ಟೇ ಅಗಲದ ಒಂದು ವೃತ್ತ. ಮಡಿಕೆಯಲ್ಲಿ ಕೆಂಪು ಅರಗಿನ ಚೂರು. ವೃತ್ತದೊಳಗೆ ಉದ್ದ ಕಾಲಿನ ಹಕ್ಕಿ, ಕೊಕ್ಕಿನಲ್ಲೊಂದು ಮೀನು.

ಗರಗಸ ಮರದಲ್ಲಿ ಕಚ್ಚಿಕೊಂಡು ನಿಂತಿತು.

ಕೊಕ್ಕರೆ. ಅವಳ ಅಜ್ಜ ಬರೆಸಿದ್ದು. ಈ ಊರಲ್ಲಿ ರೊಟ್ಟಿ ಸುಡುವವನಿಗೂ ಪೀಪಾಯಿ ಕಟ್ಟುವವನಿಗೂ ಬಾಗಿಲ ಮೇಲೊಂದು ಲಾಂಛನ ಉಂಟು. ಅರಮನೆಯವರ ಪುಸ್ತಕದಲ್ಲಿ ಅವಕ್ಕೆ ಜಾಗವಿಲ್ಲ. ಡ್ಯೂಕ್ ಕೈಹಿಡಿದವಳು ಯಾವುದೋ ದೊಡ್ಡ ಮನೆತನದವಳೇ ಆಗಿರಬೇಕೆಂದು ಬ್ಯಾರನ್ ಪುಸ್ತಕದ ಬೆನ್ನು ಬಿದ್ದಿದ್ದ. ಕೊಕ್ಕರೆಯ ಮನೆಯವರು ಈಗ ಭೂಮಿಯ ಮೇಲೆ ಉಳಿದಿರುವುದು ಮೂರೇ ಮಂದಿ. ಅವಳು. ಯೋರ್ಗ್. ಮತ್ತೆ...

'ಮೆತ್ತನೆ ಉಣ್ಣೆ ಕಳಿಸು ಅತ್ತೆ, ಬಿಳಿಯದೇ ಬೇಕು' ಎಂದು ಅಫ್ರಾ ಬರೆದಿದ್ದಳು. ಮುದಿ ಸನ್ಯಾಸಿನಿಯರಿಗೆ ಶಾಲು ಹೆಣೆಯುತ್ತಾಳೆ ಎಂದುಕೊಂಡಿದ್ದಳು ಓಟಿಲಿಯಾ! ಬಿಳಿ ಉಣ್ಣೆ ಯಾರಿಗೆ ಹೆಣೆಯುತ್ತಾರೆ ಎಂಬುದು ಹೆಂಗಸಾಗಿ ಹೊಳೆಯಲಿಲ್ಲವಲ್ಲ. ಯೋರ್ಗ್ ಯಾಕೆ ಬಾಯಿ ಬಿಡುತ್ತಿಲ್ಲ ಎಂಬುದು ಆಗ ಅರ್ಥವಾಯಿತು. ಹೆಸರು ಹೇಳಿದರೆ ಅವನ ಕುತ್ತಿಗೆ ಉಳಿಯಬಹುದು. ಮಗಳು, ಅವಳ ಮಡಿಲಲ್ಲಿರುವ ಡ್ಯೂಕನ ಕೂಸು, ಇಬ್ಬರೂ ಬ್ಯಾರನ್ನನ ಕೈಗೆ ಸಿಗುತ್ತಾರೆ.

"ಯಾಕೆ ನಿಲ್ಲಿಸ್ದೆ?"

"ಮರದಲ್ಲಿ ಗಂಟಿದೆ."

"ಚಿತ್ರ ನೋಡು ಅಂದೆ."

ಓಟಿಲಿಯಾ ಕಣ್ಣು ಕಿರಿದು ಮಾಡಿ, ಕಾಗದವನ್ನು ಹತ್ತಿರ ತಂದು, ದೂರ ಹಿಡಿದು ನೋಡಿದಳು. "ಇದನ್ನ ಯಾರು ಬರೆದ್ರೋ, ಬಾತುಕೋಳಿ ಬರೆಯೋಕೂ ಬರಲ್ಲ ಅವರಿಗೆ. ಸಾರಸ ಇರ್ಬೇಕು ಪ್ರಭುಗಳೇ. ಉತ್ತರದ ಕಡೆ, ಸಮುದ್ರದಂಚಿನ ಮನೆತನಗಳಲ್ಲಿ ಉಂಟು. ಅವರ ಹೆಸರು ನಮ್ಮ ಪುಸ್ತಕದಲ್ಲಿರಲ್ಲ."

"ಉತ್ತರದ ಕಡೆ." ಬ್ಯಾರನ್ ಅವಳ ಮುಖವನ್ನು ಬಹಳ ಹೊತ್ತು ನೋಡಿದ. "ನಿನಗೆ ಬೆವರ್ತಿದೆ."

"ಗರಗಸ ಎಳೆದು ನೋಡಿ, ನಿಮಗೂ ಬೆವರುತ್ತೆ."

ಅವನು ನಕ್ಕ. ಹಲ್ಲು ಕಂಡವೇ ಹೊರತು ಕಣ್ಣಿಗೆ ನಗು ಹತ್ತಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಎದ್ದ. "ಗುರಾಣಿ ನಾಳೆ ಬೆಳಗ್ಗೆ ಎಂಟಕ್ಕೆ ಅರಮನೆಯಲ್ಲಿರ್ಬೇಕು. ಒಂದೇ ಏಟಿಗೆ ಒಡೀಬೇಕು. ಒಡೀಲಿಲ್ಲ ಅಂದ್ರೆ ನಿನ್ನ ತಮ್ಮನ ಪಕ್ಕದಲ್ಲಿ ಇನ್ನೊಂದು ಹಗ್ಗ ಇಳಿಬಿಡೋದು ಕಷ್ಟವೇನಲ್ಲ."

"ಆಗ್ಲಿ ಪ್ರಭುಗಳೇ."

ಅವನ ಹೆಜ್ಜೆ ಬಾಗಿಲ ಕಡೆ ಸಾಗಿತು. ಓಟಿಲಿಯಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಉತ್ತರಕ್ಕೆ ಸವಾರರನ್ನು ಅಟ್ಟಲಿ, ಸಮುದ್ರದವರೆಗೂ ಹುಡುಕಲಿ. ಅಷ್ಟರಲ್ಲಿ ಡೋಬ್ಲರನಿಂದ ಒಂದು ಕುದುರೆ ಗಿಟ್ಟಿಸಿಕೊಂಡು ಎರ್ಲೆನ್‌ಸೆಲ್ ಸೇರಿದರೆ, ನಾಳೆ ಮಧ್ಯಾಹ್ನದೊಳಗೆ ಅಫ್ರಾಳನ್ನು ಎಲ್ಲರೆದುರು ಚರ್ಚಿನಲ್ಲಿ ನಿಲ್ಲಿಸಬಹುದು. ಅಷ್ಟು ಜನರ ಕಣ್ಣೆದುರು ಅವಳನ್ನು ಮುಟ್ಟುವ ಧೈರ್ಯ ಯಾರಿಗಿದೆ?

ಹೊಸ್ತಿಲ ಬಳಿ ಹೆಜ್ಜೆ ನಿಂತಿತು.

ಹೊರಗಿನಿಂದ ಡೋಬ್ಲರನ ದನಿ ಕೇಳಿತು. "ಒಂದು ನಿಮಿಷ ಪ್ರಭುಗಳೇ, ತಲೆ ಮೇಲೆ ಧೂಳು ಬೀಳುತ್ತೆ! ಅಕ್ಕ ಕಟ್ಟಿದ ಗಂಟು ಒಂದೂ ನೆಟ್ಟಗಿರ್ಲಿಲ್ಲ. ಅದಕ್ಕೇ ಪೂರ್ತಿ ಬಿಚ್ಚಿ, ಕೊಡವಿ, ಹೊಸದಾಗಿ ಕಟ್ತಿದೀನಿ."

ಓಟಿಲಿಯಾ ಬಾಗಿಲಿಗೆ ಓಡಿದಳು.

ಡೋಬ್ಲರ್ ಏಣಿಯ ಮೇಲೆ ನಿಂತಿದ್ದ. ಕಪ್ಪು ಬಟ್ಟೆ ಅವನ ಹೆಗಲ ಮೇಲಿತ್ತು. ಅವನ ತಲೆಯ ಪಕ್ಕದಲ್ಲಿ ಮರದ ಫಲಕ. ಕಳೆದ ವಸಂತದಲ್ಲಷ್ಟೇ ಅವಳು ಹೊಸ ಬಣ್ಣ ಕೊಟ್ಟಿದ್ದ ಕೊಕ್ಕರೆ, ಕೊಕ್ಕಿನಲ್ಲಿ ಬೆಳ್ಳಿ ಮೀನು.

ಬ್ಯಾರನ್ ತಲೆಯೆತ್ತಿ ನೋಡುತ್ತಿದ್ದ. ಜೇಬಿನ ಕಾಗದವನ್ನು ತೆಗೆಯುವ ಗೋಜಿಗೆ ಹೋಗಲಿಲ್ಲ. ನಿಧಾನವಾಗಿ ಟೋಪಿ ತೆಗೆದು ಅವಳ ಕಡೆ ತಿರುಗಿದ.

"ಓಟಿಲಿಯಾ ಅಮ್ಮನವರೇ," ಎಂದ. ಅಷ್ಟು ಹೊತ್ತಿನಲ್ಲಿ ಅವನು ಅವಳನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. "ನಿಮ್ಮ ತಮ್ಮನಿಗೆ ಒಬ್ಬಳು ಮಗಳಿರ್ಬೇಕಲ್ಲ? ಈಗೆಲ್ಲಿದ್ದಾರೆ?"

"ತೀರಿಕೊಂಡ್ಲು," ಎಂದು ಓಟಿಲಿಯಾ ಬಾಯಿ ತೆರೆಯುವುದಕ್ಕೂ ಮೇಲಿನಿಂದ ಡೋಬ್ಲರನ ಮಾತು ಉದುರುವುದಕ್ಕೂ ಸರಿಹೋಯಿತು. ಅಫ್ರಾ ಎಂದರೆ ಅವನಿಗೂ ಅಷ್ಟೇ ಅಕ್ಕರೆ.

"ಅಫ್ರಾನಾ? ಎರ್ಲೆನ್‌ಸೆಲ್ ಮಠದಲ್ಲಿ ಚೆನ್ನಾಗಿದಾಳೆ ಪ್ರಭುಗಳೇ! ಹೋದ ತಿಂಗಳು ನಾನೇ ಗಂಟು ಗಾಡಿಗೆ ಹಾಕಿ ಬಂದೆ. ಬರೀ ಬಿಳಿ ಉಣ್ಣೆ, ಹತ್ತಿ ಇದ್ದ ಹಾಗಿತ್ತು."

ಮಾತು ಮುಗಿಯುವಷ್ಟರಲ್ಲಿ ಅವನು ಓಟಿಲಿಯಾಳ ಮುಖ ಕಂಡ. ಹೆಗಲಿನ ಬಟ್ಟೆ ಜಾರಿ ಕೆಸರಿಗೆ ಬಿತ್ತು.

"ಬಿಳಿ ಉಣ್ಣೆ," ಎಂದ ಬ್ಯಾರನ್, ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುವವನಂತೆ.

ಟೋಪಿ ಹಾಕಿಕೊಂಡು ಸಾರೋಟು ಹತ್ತಿದ. ಬಾಗಿಲು ಮುಚ್ಚುವ ಮುಂಚೆ ಸಾರಥಿಗೆ ಹೇಳಿದ್ದು ಇಡೀ ಬೀದಿಗೆ ಕೇಳಿಸಿತು.

"ಅರಮನೆಗಲ್ಲ. ಎರ್ಲೆನ್‌ಸೆಲ್‌ಗೆ."